ತೊಂಬತ್ತು ಪರ್ಸೆಂಟ್ ಮುಗಿದಿದೆ ಸಾರ್

ರಾತ್ರಿ ಹತ್ತೂವರೆಗೆ ಫೋನ್ ಬಂದರೆ ಅದು ಕ್ಲೈಂಟ್‌ನದೇ. ಬೇರೆ ಯಾರಿಗೂ ಅಷ್ಟು ಹೊತ್ತಿನಲ್ಲಿ ನನ್ನ ಮೇಲೆ ಪ್ರೀತಿ ಉಕ್ಕುವುದಿಲ್ಲ.

"ಸಾರ್, ಒಳ್ಳೇ ಸುದ್ದಿ. ನಮ್ಮ ಜಾಹೀರಾತು ರೆಡಿ!"

"ಶೂಟಿಂಗ್ ಯಾವಾಗ ಮಾಡಿದ್ರಿ?"

"ಶೂಟಿಂಗ್ ಯಾಕೆ ಸಾರ್? ಎಐಗೆ ನಾಲ್ಕು ಸಾಲು ಬರೆದು ಹಾಕಿದೆ, ಮಾಡಿಕೊಡ್ತು. ತೊಂಬತ್ತು ಪರ್ಸೆಂಟ್ ಮುಗಿದಿದೆ. ನೀವು ಸ್ವಲ್ಪ ಟಚ್‌ಅಪ್ ಕೊಟ್ಬಿಟ್ರೆ ಆಯ್ತು."

ನಮ್ಮ ಎಡಿಟಿಂಗ್ ಕಸುಬಿನಲ್ಲಿ ಯಾರಾದರೂ 'ಸ್ವಲ್ಪ' ಅಂದರೆ ಮೂರು ರಾತ್ರಿ ತೆಗೆದಿಡಬೇಕು.

ಕ್ಲಿಪ್ ಬಂತು. ಎಂಟು ಸೆಕೆಂಡು. ಮುದುಕರೊಬ್ಬರು ಮೆಟ್ಟಿಲು ಹತ್ತಿ ಬರುತ್ತಾರೆ, ಬಾಗಿಲು ತೆರೆಯುತ್ತದೆ, ಮೊಮ್ಮಗಳು ಓಡಿಬಂದು ತಬ್ಬಿಕೊಳ್ಳುತ್ತಾಳೆ. ಗೋಡೆಯ ಮೇಲೆ ಸಂಜೆ ಬಿಸಿಲು. ಸುಳ್ಳು ಯಾಕೆ ಹೇಳಲಿ, ಮೊದಲ ಸಲ ನೋಡಿದಾಗ ಗಂಟಲು ಕಟ್ಟಿತು. ಅಂಥ ಬಿಸಿಲಿಗಾಗಿ ಒಮ್ಮೆ ನಾವು ಹದಿನಾಲ್ಕು ಜನ ಎರಡು ಸಂಜೆ ಕಾದು, ಎರಡೂ ಸಂಜೆ ಮೋಡ ಎಣಿಸಿ ವಾಪಸಾಗಿದ್ದೆವು.

ಎರಡನೇ ಸಲ ನೋಡಿದೆ. ಮೊದಲ ಮೆಟ್ಟಿಲಲ್ಲಿ ಮುದುಕರ ಎಡಗೈಯಲ್ಲಿ ಉಂಗುರ. ಮೂರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಅದು ಬಲಗೈಗೆ ವರ್ಗವಾಗಿದೆ. ತಬ್ಬಿಕೊಳ್ಳುವ ಹೊತ್ತಿಗೆ ಉಂಗುರವೇ ಇಲ್ಲ, ನಷ್ಟಪರಿಹಾರವಾಗಿ ಒಂದು ಬೆರಳು ಹೆಚ್ಚಿಗೆ ಬಂದಿದೆ. ಮೊಮ್ಮಗಳು ಒಂದು ಜಡೆ ಹಾಕಿಕೊಂಡು ಹೊರಟವಳು ಎರಡು ಜಡೆಯೊಂದಿಗೆ ತಾತನನ್ನು ತಲುಪುತ್ತಾಳೆ. ಹಿಂದಿನ ಗೋಡೆಯ ಫೋಟೋದಲ್ಲಿರುವ ಹೆಂಗಸು ಒಮ್ಮೆ ಕಣ್ಣು ಮಿಟುಕಿಸುತ್ತಾಳೆ. ಸೆಕೆಂಡಿಗೆ 24 ಫ್ರೇಮ್, ಎಂಟು ಸೆಕೆಂಡಿಗೆ 192. ಅಷ್ಟರಲ್ಲೂ ಆ ಕೈಯನ್ನು ಬಿಡಿಸಿ, ಬೆರಳು ಕತ್ತರಿಸಿ, ಉಂಗುರ ತೊಡಿಸಬೇಕು. ಉಳಿದಿರುವ ಹತ್ತು ಪರ್ಸೆಂಟ್ ಇದು.

ಯಂತ್ರದ್ದು ತಪ್ಪಿಲ್ಲ ಬಿಡಿ. ಅದಕ್ಕೆ ಉಂಗುರ ಅಂದರೇನು ಅಂತಲೇ ಗೊತ್ತಿಲ್ಲ. ಸಿಗ್ನಲ್ ಇಲ್ಲದ ಹಳೇ ಟಿವಿಯಲ್ಲಿ ಚುಕ್ಕಿ ಚುಕ್ಕಿ ಬರುತ್ತಿತ್ತಲ್ಲ, ಅಂಥದ್ದೇ ಗದ್ದಲದಿಂದ ಅದು ಶುರು ಮಾಡುತ್ತದೆ. ನಾವು ಬರೆದ ಸಾಲಿಗೆ ಹೊಂದುವ ಹಾಗೆ ಗದ್ದಲವನ್ನು ಹಂತಹಂತವಾಗಿ ಒರೆಸುತ್ತಾ ಚಿತ್ರ ಹೊರಗೆ ತೆಗೆಯುತ್ತದೆ. ಲಕ್ಷಾಂತರ ವಿಡಿಯೋ ನೋಡಿ ಕಲಿತ ಅಭ್ಯಾಸಬಲದಿಂದ 'ಇಂಥ ಕೈಯ ಹತ್ತಿರ ಹಳದಿಯಾಗಿ ಏನೋ ಮಿನುಗುವುದುಂಟು' ಎಂದು ಊಹಿಸುತ್ತದೆ. ಬೆರಳಿಗೆ ಹಾಕಿದ ಉಂಗುರ ತೆಗೆಯುವ ತನಕ ಅಲ್ಲೇ ಇರುತ್ತದೆ ಎಂಬುದು ಮಗುವಿಗೂ ಗೊತ್ತಿರುವ ಲೋಕಜ್ಞಾನ. ಇದಕ್ಕೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ಮಾಡಿದವರೇ ಇದನ್ನು ಒಪ್ಪಿಕೊಂಡಿದ್ದರು. 2024ರ ಫೆಬ್ರುವರಿಯಲ್ಲಿ ಓಪನ್‌ಎಐ ಕಂಪನಿ ಬರೆದ ಸಾಲಿನಿಂದ ವಿಡಿಯೋ ಮಾಡುವ ತನ್ನ ಎಐ 'ಸೋರಾ'ವನ್ನು ಮೊದಲ ಸಲ ತೋರಿಸಿದಾಗ ಅದರ ಕುಂದುಕೊರತೆಯನ್ನೂ ಬರೆದಿತ್ತು: ಮನುಷ್ಯ ಬಿಸ್ಕತ್ತು ಕಚ್ಚುತ್ತಾನೆ, ಆಮೇಲೆ ಬಿಸ್ಕತ್ತಿನ ಮೇಲೆ ಕಚ್ಚಿದ ಗುರುತು ಇರದೇ ಹೋಗಬಹುದು ಅಂತ. ತಿಂದರೂ ಮುಗಿಯದ ಬಿಸ್ಕತ್ತು! ದ್ರೌಪದಿಗೆ ಅಕ್ಷಯಪಾತ್ರೆ ಸಿಗಲು ಸೂರ್ಯನೇ ಬರಬೇಕಾಯಿತು, ನಮಗೆ ತಿಂಗಳ ಚಂದಾ ಕಟ್ಟಿದರೆ ಸಿಗುತ್ತದೆ. ಕಂಪನಿ ಹೇಳಿದ ಈ ಮಾತು ನನ್ನ ಕ್ಲೈಂಟ್‌ವರೆಗೆ ಬರುವಷ್ಟರಲ್ಲಿ ದಾರಿಯಲ್ಲೇ ಎಲ್ಲೋ ಆವಿಯಾಗಿದೆ.

ಹಾಗಂತ ಉಂಗುರ ಯಾವತ್ತೂ ಹೀಗೆಯೇ ಅಲೆಯುತ್ತಿರುತ್ತದೆ ಎಂದು ನಾನೇನೂ ನಿಶ್ಚಿಂತೆಯಿಂದ ಕೂತಿಲ್ಲ. 2023ರ ಮಾರ್ಚ್‌ನಲ್ಲಿ ನಟ ವಿಲ್ ಸ್ಮಿತ್ ಸ್ಪಗೆಟಿ ತಿನ್ನುವ ಎಐ ವಿಡಿಯೋ ಬಂದಾಗ ನಮ್ಮ ಎಡಿಟಿಂಗ್ ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಶ್ಯಾವಿಗೆ ಮೂಗಿನೊಳಗೆ ಹೋಗುತ್ತಿತ್ತೋ, ಮೂಗೇ ಶ್ಯಾವಿಗೆಯಾಗುತ್ತಿತ್ತೋ ತಿಳಿಯುತ್ತಿರಲಿಲ್ಲ. 2025ರ ಮೇ ತಿಂಗಳಲ್ಲಿ ಗೂಗಲ್‌ನ 'ವಿಯೋ 3' ಬಂತು. ಚಿತ್ರದ ಜೊತೆಗೆ ಮಾತು, ಹೆಜ್ಜೆ ಸಪ್ಪಳ, ಗಾಳಿಯ ಸದ್ದು ಎಲ್ಲ. ಎರಡು ವರ್ಷ, ಅಷ್ಟೇ. ನಕ್ಕವರಲ್ಲಿ ಇಬ್ಬರು ಈಗ ಬೇರೆ ಕೆಲಸ ಹುಡುಕುತ್ತಿದ್ದಾರೆ.

ಉಪಯೋಗವೇ ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಹೋದ ತಿಂಗಳು ಒಂದು ಶಾಟ್ ಹೀಗೆ ಬೇಕು ಅಂತ ಅರ್ಧ ಗಂಟೆ ಕೈಬಾಯಿ ತಿರುಗಿಸಿದರೂ ಎದುರಿಗಿದ್ದವರಿಗೆ ತಲೆಗೆ ಹೋಗಲಿಲ್ಲ. ಹತ್ತು ಸೆಕೆಂಡು ಎಐನಲ್ಲಿ ಮಾಡಿ ತೋರಿಸಿದೆ, 'ಓ, ಇದಾ!' ಅಂದರು. ಕೈಯಲ್ಲಿ ಕಾಸಿಲ್ಲದ, ತಲೆಯಲ್ಲಿ ಕಥೆಯಿರುವ ಹುಡುಗಿ ತನ್ನ ಕನಸಿನ ಸಮುದ್ರವನ್ನು ತೋರಿಸಬಲ್ಲಳು. ಇದನ್ನು ಕಂಡು ಹೊಟ್ಟೆಕಿಚ್ಚು ಪಡುವಷ್ಟು ಸಣ್ಣವನಲ್ಲ ನಾನು. ಸ್ವಲ್ಪ ಪಡುತ್ತೇನೆ, ಅಷ್ಟೇ.

ನನಗೆ ತಮಾಷೆಯಾಗಿ ಕಾಣುವುದು ಲೆಕ್ಕ. ಟೊರಾಂಟೊದ 'ಶೈ ಕಿಡ್ಸ್' ತಂಡ ಸೋರಾದಿಂದಲೇ ಒಂದು ಕಿರುಚಿತ್ರ ಮಾಡಿತು. ತಲೆಯ ಜಾಗದಲ್ಲಿ ಬಲೂನು ಇರುವ ಮನುಷ್ಯನ ಕಥೆ. ಲೋಕವೆಲ್ಲ 'ಯಂತ್ರ ಮಾಡಿದ ಸಿನಿಮಾ' ಎಂದು ಬಾಯಿಬಿಟ್ಟು ನೋಡಿತು. ಬಲೂನಿನ ಬಣ್ಣ ಶಾಟ್‌ನಿಂದ ಶಾಟ್‌ಗೆ ಬದಲಾಗುತ್ತಿತ್ತು, ಬೇಡವೆಂದರೂ ಅದರ ಮೇಲೆ ಮುಖ ಮೂಡುತ್ತಿತ್ತು, ಅದನ್ನೆಲ್ಲ ಕೂತು ಅಳಿಸಿದವರು ಮನುಷ್ಯರು ಎಂಬುದು ಆಮೇಲೆ ಅವರ ಬಾಯಿಂದಲೇ ಹೊರಬಂತು. ಬಳಸಿದ್ದು ಒಂದು ಪಾಲಾದರೆ ಹುಟ್ಟಿಸಿದ್ದು ಸುಮಾರು 300 ಪಾಲು ಇರಬೇಕು ಅಂತ ಅವರದೇ ಅಂದಾಜು. ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು ಅಂತ ಹಿರಿಯರು ಹೇಳಿದ್ದರು. ಈಗ ಮುನ್ನೂರು ಕಟ್ಟಿ, ಅದರಲ್ಲಿ ಮುತ್ತು ಯಾವುದೆಂದು ಎಡಿಟರ್‌ನನ್ನು ಕೇಳುವುದು.

ಎಡಿಟರ್ ಇನ್ನೂ ಉಳಿದಿದ್ದರೆ. ಸೋರಾ ಬಂದ ಅದೇ 2024ರ ಫೆಬ್ರುವರಿಯಲ್ಲಿ ಅಮೆರಿಕದ ಸಿನಿಮಾ ನಿರ್ಮಾಪಕ ಟೈಲರ್ ಪೆರಿ ಸೋರಾದ ಕ್ಲಿಪ್‌ಗಳನ್ನು ನೋಡಿ, ಅಟ್ಲಾಂಟಾದಲ್ಲಿ 80 ಕೋಟಿ ಡಾಲರ್‌ಗಳ ಸ್ಟುಡಿಯೋ ವಿಸ್ತರಣೆಯನ್ನು ನಿಲ್ಲಿಸಿಬಿಟ್ಟರು. ಶೂಟಿಂಗ್‌ಗೆಂದೇ ಕಟ್ಟುವ ದೊಡ್ಡ ಒಳಾಂಗಣಗಳು, ಅಂದರೆ ಸೌಂಡ್ ಸ್ಟೇಜ್‌ಗಳು, 12 ಏಳಬೇಕಿತ್ತು. ಲೈಟಿನವರು, ವಾಹನದವರು, ಸೌಂಡಿನವರು, ಎಡಿಟರ್‌ಗಳ ಗತಿಯೇನು ಎಂದು ಮರುಕವನ್ನೂ ಪಟ್ಟರು. ಮರುಕ ಪಟ್ಟಿದ್ದೂ ನಿಜ, ನಿಲ್ಲಿಸಿದ್ದೂ ನಿಜ.

ಈ ನಡುವೆ ಸತ್ತವರಿಗೂ ನೆಮ್ಮದಿಯಿಲ್ಲ. 2013ರ ಹಿಂದಿ ಚಿತ್ರವೊಂದರ ನಾಯಕ ಕೊನೆಯಲ್ಲಿ ಸಾಯುತ್ತಾನೆ. 2025ರ ಆಗಸ್ಟ್‌ನಲ್ಲಿ ಅದರ ತಮಿಳು ಅವತರಣಿಕೆ ಮತ್ತೆ ಬಿಡುಗಡೆಯಾದಾಗ ಎಐ ಅವನನ್ನು ಬದುಕಿಸಿತ್ತು. ನಿರ್ದೇಶಕರೂ ನಾಯಕನಟರೂ ಬೇಡವೆಂದು ಬಾಯಿ ಬಡಿದುಕೊಂಡರು. ಹಕ್ಕು ಇದ್ದವರಿಗೆ ಸುಖಾಂತ ಬೇಕಿತ್ತು. ಕೊಂದವನಿಗೂ ಸತ್ತವನಿಗೂ ಒಪ್ಪಿಗೆಯಿಲ್ಲದ ಪುನರ್ಜನ್ಮ ಪುರಾಣದಲ್ಲೂ ಇಲ್ಲ.

ಆ ಸಂಜೆ ಬಿಸಿಲಿಗೇ ಮತ್ತೆ ಬರುತ್ತೇನೆ. ಯಂತ್ರಕ್ಕೆ ಅದು ಎಲ್ಲಿಂದ ಬಂತು? ನಮ್ಮಂಥ ಹದಿನಾಲ್ಕು ಜನ ಕಾದು ಕಾದು ಹಿಡಿದ ಬಿಸಿಲುಗಳಿಂದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಕೇಳುವವರು ಇಲ್ಲವೆಂದಲ್ಲ. 2025ರ ಜೂನ್‌ನಲ್ಲಿ ಡಿಸ್ನಿ ಮತ್ತು ಯೂನಿವರ್ಸಲ್ ಸೇರಿ ಎಐನಿಂದ ಚಿತ್ರ ಮಾಡಿಕೊಡುವ ಮಿಡ್‌ಜರ್ನಿ ಕಂಪನಿಯ ಮೇಲೆ ಕೇಸು ಹಾಕಿ, ಅದನ್ನು ತಳವಿಲ್ಲದ ಕೃತಿಚೌರ್ಯದ ಗುಂಡಿ ಎಂದು ಕರೆದವು. ಇಲಿ, ಬಾತುಕೋಳಿ ಇದ್ದವರು ತಮ್ಮ ಇಲಿ ಇದು ಎಂದು ತೋರಿಸಬಹುದು. ನಾನು ಕೋರ್ಟಿಗೆ ಹೋಗಿ 'ಸ್ವಾಮೀ, ಆ ಗೋಡೆಯ ಮೇಲಿನ ಬಿಸಿಲು ನನ್ನದು' ಅನ್ನಲೇ?

ಆದರೆ ಕಾನೂನು ಒಂದು ಕಡೆ ನನ್ನನ್ನು ನೋಡಿ ಕಣ್ಣು ಮಿಟುಕಿಸಿದೆ, ಆ ಫೋಟೋದ ಹೆಂಗಸಿನ ಹಾಗೆ. ಎಐಗೆ ಬರೀ ಪ್ರಾಂಪ್ಟ್, ಅಂದರೆ ಆ ನಾಲ್ಕು ಸಾಲು, ಬರೆದ ಮಾತ್ರಕ್ಕೆ ಯಾರೂ ಕೃತಿಯ ಕರ್ತೃವಾಗುವುದಿಲ್ಲ, ಮನುಷ್ಯ ತನ್ನ ಕೈಯಾರೆ ಸೇರಿಸಿದ್ದಕ್ಕೆ, ತಿದ್ದಿದ್ದಕ್ಕೆ ಮಾತ್ರ ಹಕ್ಕು ಸಿಕ್ಕೀತು ಎಂದು 2025ರ ಜನವರಿಯಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ವರದಿ ಕೊಟ್ಟಿತು. ಇದನ್ನು ಮೂರು ಸಲ ಓದಿದೆ. ಅಂದರೆ ಆ ಲೆಕ್ಕದಲ್ಲಿ ನನ್ನ ಕ್ಲೈಂಟ್‌ನ ತೊಂಬತ್ತು ಪರ್ಸೆಂಟ್ ಯಾರದೂ ಅಲ್ಲ. ಬೀದಿಯಲ್ಲಿ ಬಿದ್ದಿರುವ ಮಾಲು, ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಕಾನೂನಿನ ಕಣ್ಣಿಗೆ ಏನಾದರೂ ಕಂಡರೆ ಅದು ನಾನು ಮಾಡುವ 'ಸ್ವಲ್ಪ' ಟಚ್‌ಅಪ್.

ಇದನ್ನು ಕ್ಲೈಂಟ್‌ಗೆ ವಿವರಿಸಿದೆ. "ಹಾಗಾದ್ರೆ ಟಚ್‌ಅಪ್ ಜಾಸ್ತಿ ಮಾಡಿ ಸಾರ್" ಅಂದ. "ರೇಟು ಅದೇ ಇರಲಿ."

ಉಂಗುರ, ಜಡೆ, ಬೆರಳಿನ ಪಟ್ಟಿ ಕಳಿಸಿದಾಗ ಅವನು ನಿಜಕ್ಕೂ ಬೆರಗಾದ. ಹತ್ತು ಸಲ ನೋಡಿದ್ದನಂತೆ, ಒಂದೂ ಕಂಡಿರಲಿಲ್ಲ. "ನಿಮಗೆ ಹೆಂಗೆ ಕಾಣುತ್ತೆ ಸಾರ್ ಇದೆಲ್ಲಾ?" ನಾನು ಅಸಿಸ್ಟೆಂಟ್ ಆಗಿದ್ದಾಗ ನನ್ನ ಕೆಲಸವೇ ಅದಾಗಿತ್ತು. ಒಂದು ವರ್ಷ ಪೂರ್ತಿ ನೋಟ್‌ಬುಕ್ ಹಿಡಿದು ಕಂಟಿನ್ಯುಟಿ ಬರೆಯುವುದು, ಅಂದರೆ ಒಂದು ಶಾಟ್‌ನಲ್ಲಿದ್ದದ್ದು ಮುಂದಿನದರಲ್ಲೂ ಹಾಗೇ ಇರಲಿ ಅಂತ: 'ಎಡತೋಳು ಮಡಚಿದೆ, ಗ್ಲಾಸು ಅರ್ಧ ತುಂಬಿದೆ, ಕೂದಲು ಕಿವಿಯ ಹಿಂದೆ.' ಒಮ್ಮೆ ವಾಚು ಬಿಟ್ಟುಹೋಗಿ, ಸೀನಿಯರ್ ಮೇಡಂ ಎಲ್ಲರೆದುರು "ಕಣ್ಣನ್ನ ಎಲ್ಲಿ ಅಡ ಇಟ್ಟಿದ್ದೀಯಪ್ಪಾ?" ಎಂದು ಕೇಳಿದ್ದರು. ಆ ನಾಚಿಕೆಯಲ್ಲಿ ಬಂದ ಕಣ್ಣು ಇದು. ಈಗ ಯಾವ ಬಜೆಟ್ಟಿನಲ್ಲೂ ಮೊದಲು ಕತ್ತರಿ ಬೀಳುವುದು ಆ ಅಸಿಸ್ಟೆಂಟ್‌ನ ಸಂಬಳಕ್ಕೆ. ಹತ್ತು ವರ್ಷ ಬಿಟ್ಟು ಆರನೇ ಬೆರಳು ಯಾರಿಗೆ ಕಾಣುತ್ತದೋ, ಯಾರು ಎಣಿಸುತ್ತಾರೋ. ಆಗ ಜಾಹೀರಾತಿನಲ್ಲಿ ಎಲ್ಲರಿಗೂ ಆರು ಬೆರಳಿದ್ದು, ಐದೇ ಇರುವ ನಮಗೆ ಏನೋ ಕೊರತೆಯೆನಿಸಿ ಡಾಕ್ಟರ ಹತ್ತಿರ ಹೋಗುತ್ತೇವೋ ಏನೋ.

ಮೂರು ರಾತ್ರಿ ಆಯಿತು. ಉಂಗುರ ಎಡಗೈಯಲ್ಲಿ ನಿಂತಿತು, ಜಡೆ ಒಂದಾಯಿತು, ಫೋಟೋದ ಹೆಂಗಸು ಮರ್ಯಾದೆಯಿಂದ ಕಣ್ಣು ಬಿಟ್ಟುಕೊಂಡಿದ್ದಾಳೆ. ಕಳಿಸಿದೆ. ಹತ್ತೂವರೆಗೆ ಫೋನ್.

"ಸೂಪರ್ ಸಾರ್! ಆದ್ರೆ ಒಂದೇ ಒಂದು. ತುಂಬಾ ನೈಸಾಗಿ ಬಂದ್ಬಿಟ್ಟಿದೆ. ತೋರಿಸಿದವರೆಲ್ಲಾ 'ಇದು ಎಐ ಅಲ್ವಾ' ಅಂತಿದ್ದಾರೆ. ಯಾರೋ ಮನುಷ್ಯರು ಕ್ಯಾಮೆರಾ ಕೈಯಲ್ಲಿ ಹಿಡಿದು ತೆಗೆದ ಹಾಗೆ ಸ್ವಲ್ಪ ಅಲ್ಲಾಡಿಸಿ ಕೊಡ್ತೀರಾ?"

"ಕೊಡ್ತೀನಿ. ಅದು ಬೇರೆ ಬಿಲ್."

"ಅಲ್ಲಾಡಿಸೋದಕ್ಕೂ ದುಡ್ಡಾ ಸಾರ್?"