ಹತ್ತಕ್ಕೆ ಆರು

ವಾರಾಂತ್ಯದ ಸಂಗೀತೋತ್ಸವ. ಒಂದು ಬ್ಯಾಂಡಿನ ಕೊನೆಯ ಹಾಡು ಇನ್ನೂ ಮುಗಿದಿರಲಿಲ್ಲ. ಗಿಟಾರಿನವನು ಕೊನೆಯ ಸ್ವರವನ್ನು ಎಳೆಯುತ್ತಲೇ ಇದ್ದ. ಅಷ್ಟರಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದವರು ತೀರ್ಪು ಕೊಟ್ಟುಬಿಟ್ಟರು. "ಹತ್ತಕ್ಕೆ ಆರು." ಯಾರೂ ಕೇಳಿರಲಿಲ್ಲ. ಒಂದು ಕ್ಷಣ ಯೋಚಿಸಿ ಅದರಲ್ಲೂ ಅರ್ಧ ಅಂಕ ಕಳೆದರು. ಡ್ರಮ್ಮರ್ ತಾಳ ತಪ್ಪಿದನಂತೆ.

ನನಗೆ ಮೈ ಉರಿಯಿತು. ಅಂಕ ಕೊಟ್ಟರೆ ಕೊಡಲಿ, ನಾನೂ ಮನಸ್ಸಿನಲ್ಲಿ ಏಳೂವರೆ ಕೊಟ್ಟಾಗಿತ್ತು. ಆದರೆ ಆ ಡ್ರಮ್ಮರ್ ಏನು ಮಾಡಿದ್ದ? ನಾವು ನಿಂತಿದ್ದದ್ದು ಸ್ಟೇಜಿನಿಂದ ನೂರು ಮೀಟರಿಗೂ ಆಚೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನೂರು ಮೀಟರ್ ದಾಟಿ ಬರಲು ಅದಕ್ಕೆ ಹೆಚ್ಚುಕಡಿಮೆ ಸೆಕೆಂಡಿನ ಮೂರನೇ ಒಂದು ಪಾಲು ಹೊತ್ತು ಬೇಕು. ಹಾಗಾಗಿ ಕೋಲು ಬಿದ್ದದ್ದು ಕಣ್ಣಿಗೆ ಕಂಡ ಮೇಲೆಯೇ ಅದರ ಸದ್ದು ಕಿವಿಗೆ ಬರುವುದು. ಹಿಂದೆ ನಿಂತವರಿಗಾಗಿ ಮೈದಾನದ ನಡುವೆ ಗೋಪುರ ಕಟ್ಟಿ ಸ್ಪೀಕರ್ ತೂಗುಹಾಕಿರುತ್ತಾರಲ್ಲ, ಅವುಗಳನ್ನಂತೂ ಬೇಕೆಂದೇ ತಡ ಮಾಡಿಸಿರುತ್ತಾರೆ. ಸ್ಟೇಜಿನ ಸದ್ದು ಬಂದು ಜೊತೆಗೂಡಲಿ ಅಂತ. ಬೆಳಕು ಮುಂಚೆ ಬಂದದ್ದಕ್ಕೆ ಪಾಪ, ಆ ಹುಡುಗನ ಅರ್ಧ ಅಂಕ ಹೋಯಿತು.

ಒಂದು ಮೈದಾನದಲ್ಲಿ ಸೇರಿದವರೆಲ್ಲ ಒಂದೇ ಸಂಗೀತ ಕೇಳುತ್ತಾರೆ ಅನ್ನುವುದನ್ನು ನಾನು ನಂಬುವುದಿಲ್ಲ. ಸ್ಟೇಜಿನ ಎರಡೂ ಬದಿಯ ಬೇಸ್ ಸ್ಪೀಕರ್‌ಗಳಿಗೆ ಸರಿಯಾಗಿ ನಡುವೆ ನಿಂತವನಿಗೆ ಎದೆ ನಡುಗುವಷ್ಟು ಬೇಸ್. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ಬೇಸ್ ಅರ್ಧಕ್ಕರ್ಧ ಮಾಯ. ಕಟಕಟೆಗೆ ಒರಗಿ ಮುಂದೆಯೇ ನಿಂತವನಿಗೆ ಡ್ರಮ್ಸ್ ಮತ್ತು ಗಿಟಾರಿನ ಅಬ್ಬರ ಜಾಸ್ತಿ, ಹಾಡುವವನ ಮಾತು ಕಡಿಮೆ. ಹಿಂದೆ ನಿಂತವನಿಗೆ ಗಾಳಿ ಬೀಸಿದಾಗೆಲ್ಲ ಡ್ರಮ್ಸಿನ ಲೋಹದ ತಟ್ಟೆ ಸಿಂಬಲ್‌ನ ಸದ್ದು ಬಂದು ಬಂದು ಹೋಗುತ್ತದೆ. ಸೌಂಡ್ ಇಂಜಿನಿಯರ್ ಎಲ್ಲವನ್ನೂ ಹದ ಮಾಡುವುದು ತಾನು ನಿಂತ ಜಾಗದ ಕಿವಿಯಿಂದ. ಆದ್ದರಿಂದ ಅನುಭವಸ್ಥರು ಬಂದವರೇ ಆ ಇಂಜಿನಿಯರಿನ ಮಿಕ್ಸರ್ ಮೇಜಿನ ಹತ್ತಿರ ಜಾಗ ಹಿಡಿಯುತ್ತಾರೆ. ಉಳಿದವರು ಎಲ್ಲೋ ನಿಂತು ಅಂಕ ಕೊಡುತ್ತಾರೆ.

ಲೈವ್ ಪ್ರದರ್ಶನ ಅಳೆಯುವುದಕ್ಕೆ ನನ್ನದೇ ಒಂದು ಸೂತ್ರವಿದೆ. ಹೇಳುತ್ತೇನೆ. ಅದಕ್ಕೂ ಮೊದಲು ನ್ಯೂಪೋರ್ಟಿನ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಸೂತ್ರ ಅರ್ಥವಾಗುವುದಿಲ್ಲ.

1965ರ ಜುಲೈ 25, ಭಾನುವಾರ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟಿನಲ್ಲಿ ಜಾನಪದ ಸಂಗೀತದ ಉತ್ಸವ. ಬಾಬ್ ಡಿಲನ್ ಆಗ ಆ ಜನರ ಕಣ್ಮಣಿ. ಮರದ ಗಿಟಾರು, ಕುತ್ತಿಗೆಗೆ ಸಿಕ್ಕಿಸಿಕೊಂಡ ಮೌತ್ ಆರ್ಗನ್, ಒಬ್ಬನೇ ನಿಂತು ಹಾಡುವ ಹುಡುಗ. ಅವತ್ತು ರಾತ್ರಿ ಅವನು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದ. ಹಿಂದೆ ಒಂದು ಬ್ಯಾಂಡ್. ಮೈಕ್ ಬ್ಲೂಮ್‌ಫೀಲ್ಡ್ ಗಿಟಾರಿಗೆ, ಆಲ್ ಕೂಪರ್ ಆರ್ಗನ್ನಿಗೆ. ಎಲ್ಲರೂ ಸೇರಿ ತಾಲೀಮು ಮಾಡಿದ್ದು ಹಿಂದಿನ ರಾತ್ರಿ ಮಾತ್ರ. ಮೂರು ಹಾಡು ಬಾರಿಸಿ ಇಳಿದುಹೋದರು. ಜನ ಕೂಗಿದರು. ಆಮೇಲೆ ಡಿಲನ್ ಒಬ್ಬನೇ ಮರದ ಗಿಟಾರು ಹಿಡಿದು ಬಂದು ಇನ್ನೆರಡು ಹಾಡಿದ. ಅಷ್ಟೇ ಆದದ್ದು.

ಐದು ಹಾಡು. ಅದರ ಜಗಳ ಮಾತ್ರ ಅರವತ್ತು ವರ್ಷವಾದರೂ ಮುಗಿದಿಲ್ಲ.

ಜನ ಕೂಗಿದ್ದು ಯಾಕೆ? ಎಲೆಕ್ಟ್ರಿಕ್ ಗಿಟಾರ್ ಹಿಡಿದು ಜಾನಪದಕ್ಕೆ ದ್ರೋಹ ಮಾಡಿದ ಅಂತ, ಎಂದು ಒಂದು ಪಕ್ಷ. ಅದೆಲ್ಲ ಏನಿಲ್ಲ, ಸೌಂಡ್ ಕೆಟ್ಟಿತ್ತು, ಮಾತು ಕೇಳುತ್ತಿರಲಿಲ್ಲ, ಅದಕ್ಕೆ, ಎಂದು ಇನ್ನೊಂದು. ಆರ್ಗನ್ ನುಡಿಸಿದ ಆಲ್ ಕೂಪರ್ ಹೇಳುವುದೇ ಬೇರೆ. ಜನ ಕಾದಿದ್ದು ಡಿಲನ್‌ಗಾಗಿ, ಅವನು ಮೂರೇ ಹಾಡಿಗೆ ಇಳಿದರೆ ಸಿಟ್ಟು ಬಾರದೆ ಇರುತ್ತದಾ ಅಂತ. ಕೂಗಿದವರಿಗಿಂತ ಚಪ್ಪಾಳೆ ಹೊಡೆದವರೇ ಜಾಸ್ತಿ ಅನ್ನುವವರೂ ಇದ್ದಾರೆ. ಇದರ ನಡುವೆ ಪೀಟ್ ಸೀಗರ್ ಅವರ ಕೊಡಲಿ. ಹಿರಿಯ ಗಾಯಕರು, ಶಾಂತ ಸ್ವಭಾವದವರು. ಅವರು ಕೊಡಲಿ ಹಿಡಿದು ಮೈಕಿನ ತಂತಿ ಕಡಿಯಲು ಓಡಿದರು ಅಂತ ಕಥೆ ಹಬ್ಬಿತು. ಅವರೇ ಆಮೇಲೆ ವಿವರಿಸಿದ್ದು ಇಷ್ಟು: ಕೈಯಲ್ಲಿ ಕೊಡಲಿ ಇದ್ದಿದ್ದರೆ ಕಡಿದುಬಿಡುತ್ತಿದ್ದೆ ಅಂದದ್ದು ನಿಜ, ಆದರೆ ಕೋಪ ಎಲೆಕ್ಟ್ರಿಕ್ ಗಿಟಾರಿನ ಮೇಲಲ್ಲ, ಸೌಂಡ್ ಒಡೆದು ಹಾಡಿನ ಮಾತೇ ಅರ್ಥವಾಗದ್ದರ ಮೇಲೆ.

ಧ್ವನಿಮುದ್ರಣ ಇದೆ. ಚಿತ್ರೀಕರಣವೂ ಇದೆ. ಎರಡನ್ನೂ ಇಟ್ಟುಕೊಂಡು ಕೂತರೂ ಆ ಕೂಗು ಸಿಟ್ಟಿನದೋ, ಬೇಸರದ್ದೋ, ಇನ್ನೊಂದು ಹಾಡು ಬೇಕು ಅನ್ನುವ ಹಟದ್ದೋ ಗೊತ್ತಾಗುವುದಿಲ್ಲ. ಅಲ್ಲಿದ್ದವರೇ ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ನನಗಂತೂ ಇದು ನಿಂತ ಜಾಗದ ಜಗಳ ಅಂತಲೇ ಗುಮಾನಿ. ಸ್ಪೀಕರಿನ ಮುಂದೆ ಕೂತವನು ದ್ರೋಹ ಕೇಳಿದ, ದೂರ ಕೂತವನು ಹೊಸ ಯುಗ ಕೇಳಿದ. ಅಥವಾ ಉಲ್ಟಾ ಇರಬಹುದು. ಹುಟ್ಟದೇ ಇದ್ದವರೂ ಈಗ ಪಕ್ಷ ಹಿಡಿದು ವಾದಿಸುತ್ತಾರೆ, ನಾನೂ ಸೇರಿ.

ಸರಿ, ಸೂತ್ರ. ಮೊದಲನೆಯದಾಗಿ, ಹಾಡುವವನು ಮೈಕನ್ನು ಜನರ ಕಡೆ ತಿರುಗಿಸಿದರೆ ತಕ್ಷಣ ಒಂದು ಅಂಕ ಕಳೆಯಬೇಕು. ನಾನು ದುಡ್ಡು ಕೊಟ್ಟು, ಬಿಸಿಲಲ್ಲಿ ಕಾದು, ಕಾಲು ನೋಯಿಸಿಕೊಂಡು ಬಂದದ್ದು ನಿನ್ನ ಹಾಡು ಕೇಳಲು, ಹಿಂದಿನ ಸಾಲಿನವರ ಹಾಡು ಕೇಳಲಲ್ಲ. ಅವರು ಶ್ರುತಿ ಬಿಟ್ಟು ಹಾಡುತ್ತಾರೆ. ಭುಜದ ಮೇಲೆ ಯಾರನ್ನೋ ಹತ್ತಿಸಿಕೊಂಡು ಹಾಡುತ್ತಾರೆ. "ಎಲ್ಲರೂ ಕೈ ಎತ್ತಿ" ಅಂದರೆ ಇನ್ನರ್ಧ ಅಂಕ. "ಕೇಳಿಸ್ತಿಲ್ಲ, ಇನ್ನೂ ಜೋರಾಗಿ" ಅಂದರೆ ಪೂರ್ತಿ ಎರಡು. ಕೇಳಿಸದೆ ಏನು? ಕಿವಿಯಲ್ಲಿ ಮಾನಿಟರ್, ಅಂದರೆ ತನ್ನದೇ ಹಾಡು ಕೇಳಿಸುವ ಇಯರ್‌ಫೋನ್, ಸಿಕ್ಕಿಸಿಕೊಂಡಿದ್ದಾನೆ, ತೆಗೆದು ನೋಡಲಿ. ಫೋನ್ ಎತ್ತಿ ಹಿಡಿದವರಿಗೂ ಏನಾದರೂ ಕಳೆಯಬೇಕು, ಆದರೆ ಅವರು ಸ್ಪರ್ಧೆಯಲ್ಲಿಲ್ಲ.

ಹೀಗೆ ಕಳೆಯುತ್ತಾ ಹೋದರೆ ದೊಡ್ಡವರ್ಯಾರೂ ಪಾಸಾಗುವುದಿಲ್ಲ ಅಂತ ನನಗೂ ಗೊತ್ತು. 1985ರ ಜುಲೈ 13ರಂದು, ಲಂಡನ್ ಮತ್ತು ಅಮೆರಿಕದ ಫಿಲಡೆಲ್ಫಿಯಾ ಎರಡೂ ಕಡೆ ಒಂದೇ ದಿನ ನಡೆದ ಸಹಾಯಾರ್ಥ ಸಂಗೀತ ಕಾರ್ಯಕ್ರಮ ಲೈವ್ ಏಡ್‌ನಲ್ಲಿ ಕ್ವೀನ್ ತಂಡ ಲಂಡನ್ನಿನ ವೆಂಬ್ಲಿಯಲ್ಲಿ ಸುಮಾರು ಇಪ್ಪತ್ತು ನಿಮಿಷ ಬಾರಿಸಿತು. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಇಡೀ ಕ್ರೀಡಾಂಗಣದ ಕೈ ಎತ್ತಿಸಿದ, ಹಾಡಿಸಿದ, ಕೂಗಿಸಿದ. ನನ್ನ ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗೆ ಇಳಿಯಬೇಕು. ಇಳಿಯುವುದಿಲ್ಲ. ಅದೂ ಹಗಲು ಬೆಳಕಿನಲ್ಲಿ. ಆ ಇಪ್ಪತ್ತು ನಿಮಿಷವನ್ನು ಅವರು ಮುಂಚೆಯೇ ಬಾರಿಸಿ ಬಾರಿಸಿ ಕೂರಿಸಿಕೊಂಡು ಬಂದಿದ್ದರು. ಅದೇ ದಿನ ಫಿಲಡೆಲ್ಫಿಯಾದಲ್ಲಿ ಮತ್ತೆ ಒಂದಾಗಿದ್ದ ರಾಕ್ ತಂಡ ಲೆಡ್ ಜೆಪ್ಲಿನ್‌ನವರು ಸಾಕಷ್ಟು ತಾಲೀಮಿಲ್ಲದೆ ಸ್ಟೇಜು ಹತ್ತಿದರು. 2004ರಲ್ಲಿ ಆ ದಿನದ ಡಿವಿಡಿ ಬಂದಾಗ ತಮ್ಮ ಭಾಗ ಸೇರಿಸಲು ಅವರೇ ಒಪ್ಪಲಿಲ್ಲ. ಇಷ್ಟು ನಿಷ್ಠುರವಾಗಿ ನನ್ನ ಪಕ್ಕದವರೂ ಅಂಕ ಕೊಡುತ್ತಿರಲಿಲ್ಲ.

ನನ್ನ ನಿಜವಾದ ಸಿಟ್ಟು ಬೇರೆ. ಹೆಡ್‌ಲೈನರ್‌ಗೂ (ಅಂದರೆ ರಾತ್ರಿ ಕೊನೆಗೆ ಬರುವ ದೊಡ್ಡ ಹೆಸರಿನವರಿಗೂ) ಮಧ್ಯಾಹ್ನದ ಬ್ಯಾಂಡಿಗೂ ಒಂದೇ ಪಟ್ಟಿಯಲ್ಲಿ ಅಂಕ ಕೊಡುತ್ತಾರೆ, ಅಲ್ವಾ? ಹೆಡ್‌ಲೈನರ್‌ಗೆ ಸೌಂಡ್ ಚೆಕ್ ಮಾಡಲು ಸಮಯ ಇರುತ್ತದೆ. ಅವರದೇ ಇಂಜಿನಿಯರ್, ಅವರದೇ ದೀಪಗಳು, ಮೇಲೆ ಕತ್ತಲು ಬೇರೆ ಪುಕ್ಕಟೆ. ಮಧ್ಯಾಹ್ನ ಎರಡು ಗಂಟೆಗೆ ಬಾರಿಸುವವರಿಗೆ ಸಿಗುವುದು ಬರೀ ಲೈನ್ ಚೆಕ್. ತಂತಿಗಳನ್ನು ಸರಿಯಾಗಿ ಸಿಕ್ಕಿಸಿದೆಯಾ ನೋಡಿ, ಒಂದು ಸಲ ಡ್ರಮ್ ಹೊಡೆದು, ಶುರು. ಮೊದಲ ಎರಡು ಹಾಡು ಇಂಜಿನಿಯರ್ ಹದ ಹುಡುಕುವುದರಲ್ಲೇ ಮುಗಿಯುತ್ತವೆ. ಎದುರಿಗೆ ಇರುವವರು ನೆರಳು ಹುಡುಕುತ್ತಿರುತ್ತಾರೆ. ಹೆಡ್‌ಲೈನರ್ ಇಪ್ಪತ್ತು ನಿಮಿಷ ತಡವಾಗಿ ಬಂದರೆ ಅದು ಕಾತರ. ಇವರು ಎರಡು ನಿಮಿಷ ಮೀರಿದರೆ ಪಕ್ಕದಿಂದ ಯಾರೋ ಗಡಿಯಾರ ತೋರಿಸುತ್ತಾರೆ.

ಆ ವಾರಾಂತ್ಯದಲ್ಲಿ ಯಾರು ಚೆನ್ನಾಗಿ ಬಾರಿಸಿದರು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಶನಿವಾರ ಮಧ್ಯಾಹ್ನದ ಆ ನಾಲ್ಕು ಜನರ ತಂಡವನ್ನು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಯಾರ ಕಡೆಗೂ ಮೈಕ್ ತಿರುಗಿಸದೆ ಬಾರಿಸಿದರು. ಒಂಬತ್ತು ಅಂಕ. ಹೆಸರೇನು ಅಂತ ಕೇಳಬೇಡಿ. ಹಾಡುವವಳು ಮೊದಲೇ ಹೇಳಿದಳು, ಆಗಿನ್ನೂ ಮೈಕ್ ಆನ್ ಆಗಿರಲಿಲ್ಲ.