ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಬೇಕೇ?

ಪರ

ಹಳೇ ಸ್ಕೂಟರ್ ಮಾರಲು ಹೊರಟಿದ್ದೆ. ನೋಡಲು ಬಂದವನು ಗಾಡಿಯನ್ನು ಮುಟ್ಟಲೇ ಇಲ್ಲ, ಮೊದಲು ಮೊಬೈಲಿನಲ್ಲಿ ನಂಬರ್ ಹಾಕಿದ. 'ಒಂಬತ್ತು ಕೇಸ್ ಇದೆ ಸಾರ್, 4,500 ರೂಪಾಯಿ' ಅಂದ. ಎಲ್ಲವೂ ಹೆಲ್ಮೆಟ್ ಕೇಸ್, ತಲಾ 500. ಒಂದು ಫೋಟೋದಲ್ಲಿ ನನ್ನ ತಲೆ ಮೇಲೆ ಹೆಲ್ಮೆಟ್ ಇದೆ. ಹಿಂದೆ ಕೂತ ಹೆಂಡತಿಯ ಕೈಯಲ್ಲಿ ಕೊತ್ತಂಬರಿ ಕಟ್ಟು ಇಣುಕುವ ಚೀಲ, ತಲೆ ಮೇಲೆ ಏನೂ ಇಲ್ಲ. ತಪ್ಪು ನಮ್ಮದೇ. ಆದರೆ ಒಂದಕ್ಕೂ ಮೆಸೇಜ್ ಬಂದಿರಲಿಲ್ಲ. ದಾಖಲೆಯಲ್ಲಿದ್ದದ್ದು ನಾನು ಎಂದೋ ಬಿಟ್ಟ ಸಿಮ್ಮಿನ ನಂಬರ್.

ಹಿಂದೆ ಪೊಲೀಸರು ಅಡ್ಡ ಹಾಕುತ್ತಿದ್ದರು, ರಸೀದಿ ಕೈಗೆ ಬರುತ್ತಿತ್ತು, ಮರುದಿನ ಹೆಲ್ಮೆಟ್ ತಲೆಗೇರುತ್ತಿತ್ತು. ಈಗ ಕ್ಯಾಮೆರಾ ಸುಮ್ನೆ ಫೋಟೋ ತೆಗೆಯುತ್ತಾ ಹೋಗುತ್ತದೆ. ಮೊದಲ ಕೇಸ್ ಗೊತ್ತಾಗಿದ್ದರೆ ಉಳಿದ ಎಂಟು ಆಗುತ್ತಲೇ ಇರಲಿಲ್ಲ, ಅಲ್ವಾ?

2023ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಕೆಲವೇ ದಿನ ಅರ್ಧ ರಿಯಾಯಿತಿ ಕೊಟ್ಟಾಗ 100 ಕೋಟಿ ರೂಪಾಯಿಗೂ ಮೀರಿ ಹಣ ಬಂತು. ಅಷ್ಟೂ ಜನರಿಗೆ ನೋಟಿಸ್ ಕಳಿಸಿ, ಕೋರ್ಟಿಗೆ ಓಡಾಡಿಸಿ ವಸೂಲಿ ಮಾಡುವುದಾಗಿದ್ದರೆ ಎಷ್ಟು ವರ್ಷ ಬೇಕಿತ್ತು? ದಿನಗೂಲಿಯವರು, ಪಾರ್ಸೆಲ್ ಹಂಚುವ ಹುಡುಗರು ಒಂದೇ ಸಲ ಅಷ್ಟು ದುಡ್ಡು ಎಲ್ಲಿಂದ ತರಬೇಕು? ಅರ್ಧವಾದರೆ ಹೇಗೋ ಹೊಂದಿಸಿ ಕಟ್ಟುತ್ತಾರೆ.

ವಿರೋಧ

ನನ್ನ ಮೇಲೂ ಒಂದು ಸಿಗ್ನಲ್ ಜಂಪ್ ಕೇಸ್ ಬಿತ್ತು. ಅದೇ ವಾರ ಪೂರ್ತಿ ಕಟ್ಟಿದೆ. ಪಕ್ಕದ ಟೇಬಲ್ಲಿನ ಸಹೋದ್ಯೋಗಿ ನಕ್ಕ. 'ಯಾಕೆ ಅವಸರ? ಆಫರ್ ಬಿಡ್ತಾರೆ, ತಡಿ.' ಅವನು ಹೇಳಿದ್ದೇ ಸರಿಯಾಯಿತು! 2023ರಲ್ಲೇ ರಿಯಾಯಿತಿ ಮತ್ತೆ ಬಂತು, 2025ರಲ್ಲಿ ಆಗಸ್ಟ್‌ನಲ್ಲೊಮ್ಮೆ, ನವೆಂಬರ್‌ನಲ್ಲಿ ಇನ್ನೊಮ್ಮೆ. ಆಷಾಢ ಸೇಲ್‌ಗೆ ಸೀರೆ ಕಾಯುವ ಹಾಗೆ ಜನ ದಂಡಕ್ಕೂ ಕಾಯುತ್ತಾರೆ. ದೇವರಿಗೆ ಹಾಕುವ ತಪ್ಪುಕಾಣಿಕೆಯಲ್ಲೂ ಯಾರೂ ಚೌಕಾಸಿ ಮಾಡುವುದಿಲ್ಲ.

ಮೆಸೇಜ್ ಬರಲಿಲ್ಲ ಎನ್ನುವ ಮಾತನ್ನು ಒಪ್ಪುತ್ತೇನೆ. ಹಾಗಿದ್ದರೆ ಆ ಕೊರತೆ ಸರಿಪಡಿಸಿ, ಮೊಬೈಲ್ ನಂಬರ್ ಬದಲಿಸಲು ಆನ್‌ಲೈನಿನಲ್ಲೇ ದಾರಿ ಇದೆ. ಒಬ್ಬರಿಗೆ ಮೆಸೇಜ್ ಬರಲಿಲ್ಲ ಅಂತ, ಬಂದ ಮೆಸೇಜನ್ನು ಅಳಿಸಿ ಹಾಕಿದವರಿಗೂ ಅರ್ಧ ಬಿಡುವುದು ಯಾವ ನ್ಯಾಯ?

ಇನ್ನೊಂದು ವಿಷಯ. ಕಾದರೆ ಲಾಭ ಎಂದು ನಂಬಿದವರು ಕಟ್ಟದಿದ್ದರೆ ಏನಾಗುತ್ತದೆ ಎನ್ನುವುದನ್ನೇ ಮರೆಯುತ್ತಾರೆ. ಕಟ್ಟದ ಕೇಸ್ ಕೋರ್ಟಿಗೆ ಹೋಗಬಹುದು. ಯಾವುದೋ ಸರ್ಕಲ್ಲಿನಲ್ಲಿ ಪೊಲೀಸರು ಕೈಯಲ್ಲಿರುವ ಮೆಷಿನ್‌ಗೆ ನಂಬರ್ ಒತ್ತಿದರೆ ಹಳೆಯದೆಲ್ಲ ಸಾಲಾಗಿ ಬೀಳುತ್ತದೆ. ಬಾಕಿ ಜಾಸ್ತಿ ಇದ್ದರೆ ಗಾಡಿ ಅಲ್ಲೇ ಹಿಡಿದಿಟ್ಟುಕೊಂಡದ್ದೂ ಉಂಟು. ಗಾಡಿ ಬೆಲೆಗಿಂತ ದಂಡವೇ ಹೆಚ್ಚಾಗಿ, ಸ್ಕೂಟರನ್ನೇ ಬಿಟ್ಟು ಹೋದರೂ ನಷ್ಟವಿಲ್ಲ ಎನ್ನುವ ಸ್ಥಿತಿಗೆ ಬಂದವರ ಸುದ್ದಿ ಪೇಪರಿನಲ್ಲಿ ಓದಿಲ್ಲವೇ? ಅಲ್ಲಿಗೆ ಮುಟ್ಟಿಸಿದ್ದು ಈ 'ತಡಿ' ಎನ್ನುವ ಮಾತೇ.

ಬೇಕಿದ್ದರೆ ಹದಿನೈದು ದಿನದೊಳಗೆ ಕಟ್ಟಿದವರಿಗೆ ಕಡಿಮೆ ಮಾಡಲಿ. ನನ್ನ ಸಹೋದ್ಯೋಗಿ ಹೋದ ವಾರ ನೋ ಪಾರ್ಕಿಂಗ್ ಬೋರ್ಡಿನ ಕೆಳಗೇ ಗಾಡಿ ನಿಲ್ಲಿಸಿ ಕಾಫಿಗೆ ಬಂದ. ಕೇಳಿದ್ದಕ್ಕೆ, 'ಮುಂದಿನ ಆಫರ್‌ನಲ್ಲಿ ನೋಡ್ಕೊಳ್ಳೋಣ ಬಿಡು' ಅಂದ.