ಸರಕಿನ ಗಾಡಿ ಸರಕಿನದಾಗಿಯೇ ಇರಲಿ

ಸಾಮಾನು ಸಾಗಿಸಲೆಂದು ಮಾಡಿದ ಮುಚ್ಚಿದ ಟ್ರೇಲರನ್ನು ಕೊಂಡು, ಅದರೊಳಗೆ ಮಂಚ, ಒಲೆ, ದೀಪ, ಫ್ಯಾನುಗಳನ್ನು ಕೂಡಿಸಿ, ಕಾರಿನ ಹಿಂದೆ ಎಳೆದುಕೊಂಡು ಕಾಡುಮೇಡು ಸುತ್ತುವವರು ಅಮೆರಿಕದಲ್ಲಿ ಬಹಳ ಮಂದಿ ಇದ್ದಾರೆ. ಓಹಾಯೋ ರಾಜ್ಯದಲ್ಲಿ ನೆಲೆಸಿರುವ ನಾನೂ ಅವರಲ್ಲೊಬ್ಬ. ಮಂಡ್ಯದ ಬಳಿ ಕಬ್ಬು ಬೆಳೆಯುವ ನನ್ನ ಭಾವಮೈದುನ ಈಗ ಅಂಥದೊಂದನ್ನು ತಾನೂ ಮಾಡಿಸಬೇಕೆಂದು ಹೊರಟಿದ್ದಾನೆ. ಇಲ್ಲಿನ ಚಿತ್ರಗಳನ್ನು ನೋಡಿ ಹುಟ್ಟಿದ ಆಸೆ ಅದು. ಆಸೆಗೆ ನನ್ನ ಅಡ್ಡಿಯೇನಿಲ್ಲ. ಆದರೆ ಅಮೆರಿಕನ್ನರು ಮಾಡುವ ರೀತಿಯನ್ನೇ ಎತ್ತಿ ಮಂಡ್ಯದಲ್ಲಿ ಇಳಿಸುವುದು ತರವಲ್ಲವೆಂದೂ, ಗಾಡಿಯನ್ನೇ ಮನೆಯಾಗಿ ಮಾರ್ಪಡಿಸುವ ಬದಲು ಬೇಕಾದಾಗ ಹೂಡಿ ಬೇಡವಾದಾಗ ಕಳಚಿಡುವ ಸಜ್ಜನ್ನು ಮಾಡಿಸುವುದು ಎರಡು ದೇಶಕ್ಕೂ ಒಪ್ಪುವ ದಾರಿಯೆಂದೂ ನನ್ನ ಅಭಿಪ್ರಾಯ.

ಇಲ್ಲಿನವರು ಸರಕಿನ ಟ್ರೇಲರಿಗೆ ಕೈ ಹಾಕುವುದಕ್ಕೆ ಮೊದಲ ಕಾರಣ ಹಣ. ಇಂಡಿಯಾನಾ ರಾಜ್ಯದ ಎಲ್ಖಾರ್ಟ್ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ತಯಾರಾಗುವ ಸಿದ್ಧ ಕ್ಯಾಂಪರುಗಳ, ಅಂದರೆ ಮಲಗಲು ಉಣ್ಣಲು ಸಜ್ಜಾಗಿಯೇ ಬರುವ ಗಾಡಿಗಳ ಬೆಲೆ ಸಾಮಾನ್ಯ ಸಂಬಳದವರಿಗೆ ಭಾರವಾಗುತ್ತದೆ. 6 ಅಡಿ ಅಗಲ, 12 ಅಡಿ ಉದ್ದದ ಬರಿಯ ಸರಕಿನ ಟ್ರೇಲರ್ ಅದರ ಒಂದು ಭಾಗದ ಬೆಲೆಗೆ ಸಿಗುತ್ತದೆ. ಎರಡನೆಯ ಕಾರಣ ಗಟ್ಟಿತನ. ಉಕ್ಕಿನ ಚೌಕಟ್ಟು, ಮೇಲೆ ಅಲ್ಯೂಮಿನಿಯಂ ತಗಡು, ಕೆಳಗೆ ಮುಕ್ಕಾಲು ಅಂಗುಲದ ಪ್ಲೈವುಡ್ ನೆಲ, ಬದಿಗೊಂದು ಬಾಗಿಲು, ಹಿಂದೆ ಎರಡು ಕದ ಅಥವಾ ಕೆಳಗಿಳಿಸುವ ಇಳಿಜಾರು ಹಲಗೆ, ಇಷ್ಟೇ ಅದರ ಮೈಕಟ್ಟು. ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಒಂದೇ ಆಕ್ಸಲಿನ ಈ ಗಾತ್ರದ ಟ್ರೇಲರಿನ ಫಲಕದಲ್ಲಿ ಒಟ್ಟು ತೂಕದ ಮಿತಿ 2,990 ಪೌಂಡ್, ಅಂದರೆ ಸುಮಾರು 1,356 ಕಿಲೋ ಎಂದು ಬರೆದಿರುವುದು ಸಾಮಾನ್ಯ. ಒಟ್ಟು ತೂಕ 3,000 ಪೌಂಡನ್ನು ಮೀರಿದರೆ ಟ್ರೇಲರಿಗೇ ಬ್ರೇಕ್ ಇರಬೇಕೆಂದು ಹಲವು ರಾಜ್ಯಗಳ ಕಾನೂನು ಹೇಳುವುದರಿಂದ ತಯಾರಕರು ಹತ್ತು ಪೌಂಡ್ ಕಡಿಮೆ ನಮೂದಿಸುತ್ತಾರೆ. ಲೆಕ್ಕ ತಪ್ಪಿಸುವ ಜಾಣ್ಮೆ ನಮ್ಮವರೊಬ್ಬರ ಸೊತ್ತಲ್ಲವೆಂದು ತಿಳಿದು ನನಗೆ ಸಮಾಧಾನವಾಯಿತು.

ಕೊಂಡ ಮೇಲೆ ಇಲ್ಲಿನ ರೂಢಿಯ ಕೆಲಸ ಹೀಗೆ ಸಾಗುತ್ತದೆ: ಒಳಗಿನ ಹಲಗೆಯನ್ನು ಬಿಚ್ಚಿ, ಉಕ್ಕಿನ ಪಕ್ಕೆಗಳ ನಡುವಣ ಜಾಗಕ್ಕೆ ಚಳಿ ಬಿಸಿಲು ತಡೆಯುವ ಫೋಮ್ ಹಲಗೆಯನ್ನು ಕತ್ತರಿಸಿ ಕೂಡಿಸಿ, ಸಂದಿಗೊಂದಿಗಳಿಗೆಲ್ಲ ಉಬ್ಬುವ ಫೋಮನ್ನು ಸಿಂಪಡಿಸಿ, ಅದರ ಮೇಲೆ ಮತ್ತೆ ಹಲಗೆ ಹೊಡೆದು, ಮಂಚ ಕಪಾಟುಗಳನ್ನು ಗೋಡೆಗೆ ಅಂಟು ಮತ್ತು ಸ್ಕ್ರೂಗಳಿಂದ ಶಾಶ್ವತವಾಗಿ ಬಿಗಿಯುವುದು. ನೋಡಲು ಚೆಂದವೇ. ಆದರೆ ಉಕ್ಕಿನ ಪಕ್ಕೆಗೆ ಹೊರಗಿನ ಚಳಿ ನೇರವಾಗಿ ತಾಗುತ್ತದೆ. ಫೋಮ್ ಎಷ್ಟೇ ದಪ್ಪವಿದ್ದರೂ ಪಕ್ಕೆಯ ಮೂಲಕ ಆ ಚಳಿ ಒಳಗೆ ದಾಟುತ್ತದೆ. ಇಬ್ಬರು ಮಲಗಿದ ಪೆಟ್ಟಿಗೆಯಲ್ಲಿ ಉಸಿರು ಮತ್ತು ಬೆವರಿನಿಂದಲೇ ರಾತ್ರಿಯೊಂದಕ್ಕೆ ಅರ್ಧ ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ಅದರ ಮೇಲೆ ಚಿಮಣಿಯಿಲ್ಲದ ಗ್ಯಾಸ್ ಹೀಟರನ್ನು ಉರಿಸಿದರೆ ಒಂದು ಕಿಲೋ ಪ್ರೊಪೇನ್ ಉರಿದಾಗ ಒಂದೂವರೆ ಕಿಲೋಗೂ ಮಿಕ್ಕಿದ ನೀರಾವಿ ಹುಟ್ಟುತ್ತದೆ. ಜನವರಿಯ ಬೆಳಗ್ಗೆ ಕಣ್ಣು ಬಿಟ್ಟು ಮೇಲೆ ನೋಡಿದರೆ ಚಾವಣಿಯ ಪಕ್ಕೆ ಎಲ್ಲೆಲ್ಲಿದೆಯೆಂದು ಯಾರೂ ಹೇಳಬೇಕಾಗಿಲ್ಲ: ಪ್ರತಿಯೊಂದು ಸ್ಕ್ರೂವಿನ ತಲೆಯ ಮೇಲೂ ಒಂದೊಂದು ಹನಿ ಕುಳಿತು, ಸಾಲಾಗಿ, ಸಮ ಅಂತರದಲ್ಲಿ ಹೊಳೆಯುತ್ತಿರುತ್ತದೆ. ಕಾಣುವ ಹನಿಯನ್ನು ಬಟ್ಟೆಯಿಂದ ಒರೆಸಬಹುದು. ಅಂಟಿಸಿ ಮುಚ್ಚಿದ ಹಲಗೆಯ ಹಿಂದೆ ಕೂತ ನೀರನ್ನು ಒರೆಸುವವರು ಯಾರು? ವರ್ಷಗಳ ಮೇಲೆ ಹಲಗೆ ಬಿಚ್ಚಿದವರಿಗೆ ಸಿಗುವುದು ಬೂಷ್ಟು ಮತ್ತು ತುಕ್ಕು.

ಹೋದ ಸಲ ಊರಿಗೆ ಬಂದಾಗ ಭಾವಮೈದುನ ನನ್ನನ್ನು ಲಾರಿ ಬಾಡಿ ಕಟ್ಟುವ ಮೇಸ್ತ್ರಿಯೊಬ್ಬರ ಶೆಡ್ಡಿಗೆ ಕರೆದೊಯ್ದಿದ್ದ. ನಾನು ಫೋಮಿನ ವಿಚಾರವನ್ನೆಲ್ಲ ವಿವರಿಸಿ ಮುಗಿಸುವವರೆಗೂ ಅವರು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು. ಆಮೇಲೆ, "ಎಲ್ಲಾ ಸಂದಿನೂ ಮುಚ್ಬುಟ್ರೆ ಒಳಗಿರೋರು ಉಸ್ರು ಎಲ್ಲಿಗ್ ಬುಡ್ತಾರೆ ಸಾ?" ಎಂದರು. ಚಾವಣಿಯಲ್ಲಿ ಫ್ಯಾನ್ ಇಡುತ್ತೇವಣ್ಣ ಎಂದೆ. "ಹಂಗಾರೆ ಕೆಳಗ್ಲಿಂದ ಗಾಳಿ ಬರಕ್ಕೂ ದಾರಿ ಬುಡಿ. ಬರೀ ಮೇಲಿಂದ ಎಳುದ್ರೆ ಏನ್ ಬತ್ತದೆ?" ಎಂದು ಕೇಳಿ ಬೀಡಿ ಹಚ್ಚಿಕೊಂಡರು. ಇಲ್ಲಿ 14 ಅಂಗುಲದ ಚಾವಣಿ ಫ್ಯಾನಿಗೆ ಧಾರಾಳವಾಗಿ ಖರ್ಚು ಮಾಡಿ, ಗಾಳಿ ಒಳಬರುವ ಕಿಂಡಿಯನ್ನೇ ಬಿಡದೆ, ಫ್ಯಾನ್ ಬರಿದೇ ಗೊರಗುಟ್ಟುವುದನ್ನು ಕೇಳುತ್ತ ಮಲಗುವ ಮಹನೀಯರನ್ನು ನಾನು ಕಂಡಿದ್ದೇನೆ. ಅವರಿಗೆ ಈ ಮೇಸ್ತ್ರಿಯ ಒಂದು ಮಾತು ಸಾಕಾಗಿತ್ತು.

ಮೈಸೂರು ಮಂಡ್ಯದ ಹವೆಗೆ ಬೇಕಾದದ್ದೂ ಬೇರೆಯೇ. ಅಲ್ಲಿ ಕಾಡುವುದು ಚಳಿಯಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಾದ ತಗಡಿನಿಂದ ಕೆಳಗಿಳಿಯುವ ಝಳ. ಅದಕ್ಕೆ ಗೋಡೆಯ ತುಂಬ ಫೋಮ್ ತುಂಬುವುದಕ್ಕಿಂತ ಚಾವಣಿಗೆ ಬಿಳಿ ಬಣ್ಣ ಬಳಿಯುವುದು, ಅದರ ಮೇಲೆ ನಾಲ್ಕು ಬೆರಳಿನಷ್ಟು ಅಂತರ ಬಿಟ್ಟು ಇನ್ನೊಂದು ಹೊದಿಕೆಯನ್ನು ಕಟ್ಟಿ ನಡುವೆ ಗಾಳಿಯಾಡಲು ಬಿಡುವುದು, ನಿಲ್ಲಿಸುವಾಗ ಹುಣಸೆ ಮರವನ್ನೋ ಹೊಂಗೆ ಮರವನ್ನೋ ಹುಡುಕುವುದು ಹೆಚ್ಚು ಫಲ ಕೊಡುತ್ತದೆ.

ಇನ್ನು ಕಾನೂನಿನ ಮಾತು. ಅಮೆರಿಕದಲ್ಲಿ ಟ್ರೇಲರಿನ ಒಳಗೆ ಒಡೆಯ ಏನು ಮಾಡಿಕೊಂಡರೂ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಬೇಕೆಂದವರಿಗೆ ಅದನ್ನು ಕ್ಯಾಂಪರ್ ಎಂದು ಮರುನೋಂದಣಿ ಮಾಡಿಸಲು ಕೆಲವು ರಾಜ್ಯಗಳಲ್ಲಿ ಅವಕಾಶವೂ ಉಂಟು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿರ್ದಿಷ್ಟಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಮತ್ತೊಮ್ಮೆ ಬಿಗಿಯಾಗಿಯೇ ಎತ್ತಿಹಿಡಿಯಿತು. ಕಾರ್ಖಾನೆಯಿಂದಲೇ ಬರುವ ಮೋಟಾರ್ ಕ್ಯಾರವಾನುಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ರೂಪಿಸಿತು. ಆದರೆ ಶೆಡ್ಡಿನಲ್ಲಿ ತಾನೇ ಕೊರೆದು ಬೆಸುಗೆ ಹಾಕಿಸುವವನು ಆ ಸಾಲಿಗೆ ಬರುವುದಿಲ್ಲ. ಭಾವಮೈದುನನ ಮೊದಲ ಯೋಚನೆ ತನ್ನ ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನ ಮೇಲೆಯೇ ಪೆಟ್ಟಿಗೆ ಕಟ್ಟಿಸುವುದಾಗಿತ್ತು. ಟ್ರ್ಯಾಕ್ಟರುಗಳಿಗೆ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲಿ ಗಡಗಡಿಸಿಕೊಂಡು ಮೈಸೂರು ಮುಟ್ಟುವ ಹೊತ್ತಿಗೆ ರಜೆಯೇ ಮುಗಿದಿರುತ್ತದೆ. ಕಾರಿನ ಹಿಂದೆ ಟ್ರೇಲರ್ ಕಟ್ಟುವ ವಾಡಿಕೆ ನಮ್ಮಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಇಲ್ಲಿನ ಸರಕಿನ ಟ್ರೇಲರಿಗೆ ಅಲ್ಲಿ ಸಮನಾಗಿ ನಿಲ್ಲುವುದು ಕಂಪನಿಯಿಂದಲೇ ಮುಚ್ಚಿದ ಬಾಡಿಯೊಂದಿಗೆ ಬರುವ ಸಣ್ಣ ಗೂಡ್ಸ್ ಗಾಡಿ. ಅದರ ಮೈಗೆ ಒಂದು ತೂತನ್ನೂ ಕೊರೆಯದೆ, ಒಳಗೆ ಕಟ್ಟಿಟ್ಟ ಸಾಮಾನಾಗಿಯೇ ಮಂಚವನ್ನೂ ಅಡುಗೆ ಪೆಟ್ಟಿಗೆಯನ್ನೂ ಒಯ್ದರೆ ಗಾಡಿ ನೋಂದಣಿಯಾದಂತೆಯೇ ಉಳಿಯುತ್ತದೆ.

ಇದು ನಮಗೆ ಹೊಸದೇನಲ್ಲ. ಮುಡುಕುತೊರೆ ಜಾತ್ರೆಗೆ, ಚುಂಚನಕಟ್ಟೆಯ ದನಗಳ ಜಾತ್ರೆಗೆ, ಮೇಲುಕೋಟೆಯ ವೈರಮುಡಿಗೆ ಹಳ್ಳಿಯವರು ಹೊರಡುತ್ತಿದ್ದುದು ಕಮಾನು ಗಾಡಿಯಲ್ಲಿ. ಹಿಂದಿನ ವಾರ ಗದ್ದೆಗೆ ಗೊಬ್ಬರ ಹೊಡೆದ ಗಾಡಿಯೇ ಅದು. ತೊಳೆದು, ಬಿದಿರಿನ ಕಮಾನು ಬಗ್ಗಿಸಿ ಕಟ್ಟಿ, ಮೇಲೆ ಚಾಪೆ ಹೊದಿಸಿ, ಕೆಳಗೆ ಒಣಹುಲ್ಲು ಹರಡಿ ಅದರ ಮೇಲೆ ಜಮಖಾನ ಹಾಸಿದರೆ ಮನೆಮಂದಿಯ ಪ್ರಯಾಣಕ್ಕೆ ಸಿದ್ಧ. ಹಾಸಿದ ಹುಲ್ಲು ಜಾತ್ರೆಯಲ್ಲಿ ಎತ್ತಿನ ಮೇವಾಗುತ್ತಿತ್ತು. ಹಿಂದಿರುಗಿದ ಮೇಲೆ ಕಮಾನು ಅಟ್ಟಕ್ಕೆ ಸೇರಿ, ಗಾಡಿ ಮತ್ತೆ ಗೊಬ್ಬರಕ್ಕೆ ಹೋಗುತ್ತಿತ್ತು. ಒಂದು ಗಾಡಿಗೆ ಬಂಡವಾಳ ಹಾಕಿದ ರೈತ ಅದನ್ನು ವರ್ಷವಿಡೀ ದುಡಿಸುತ್ತಿದ್ದ. ಜಾತ್ರೆಗೆಂದೇ ಒಂದನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಡುವ ಯೋಚನೆ ಅವನಿಗೆ ಬಂದಿರಲಾರದು. ಅಮೆರಿಕದ ಮನೆಗಳ ಅಂಗಳದಲ್ಲಿ ವರ್ಷದ ಬಹುಪಾಲು ಟಾರ್ಪಾಲು ಹೊದ್ದು ನಿಂತಿರುವ ಕ್ಯಾಂಪರುಗಳನ್ನು ನೋಡಿದಾಗಲೆಲ್ಲ ನನಗೆ ಆ ಲೆಕ್ಕ ನೆನಪಾಗುತ್ತದೆ. ಒಳಗೆಲ್ಲ ಅಂಟಿಸಿ ಬಿಗಿದ ಟ್ರೇಲರಿನಲ್ಲಿ ಒಂದು ಸೋಫಾವನ್ನೂ ಸಾಗಿಸಲಾಗದು, ಮಾರಹೊರಟರೆ ಅದೇ ಅಭಿರುಚಿಯವನೊಬ್ಬನನ್ನು ಹುಡುಕಬೇಕು.

ನನ್ನ ಟ್ರೇಲರಿನ ಗೋಡೆಗೆ ಸರಕು ಬಿಗಿಯಲೆಂದೇ ಮಾಡಿದ ಉಕ್ಕಿನ ಪಟ್ಟಿಗಳನ್ನು ಉದ್ದಕ್ಕೂ ಬೋಲ್ಟ್ ಮಾಡಿದೆ. ಇಲ್ಲಿ ಅದಕ್ಕೆ ಇ-ಟ್ರ್ಯಾಕ್ ಎನ್ನುತ್ತಾರೆ. ಮಡಿಸುವ ಮಂಚ, ಬ್ಯಾಟರಿಯ ಪೆಟ್ಟಿಗೆ, ನೀರಿನ ಕ್ಯಾನು, ಅಡುಗೆಯ ಕಪಾಟು ಎಲ್ಲವೂ ಅದಕ್ಕೆ ಕೊಕ್ಕೆ ಹಾಕಿ ನಿಲ್ಲುತ್ತವೆ, ಎಲ್ಲವೂ ಇಬ್ಬರು ಎತ್ತುವಷ್ಟೇ ಭಾರದವು. ಅಡುಗೆಯ ಕಪಾಟು ಹಿಂದಿನ ಕದದ ಬಳಿ ಇರುವುದಕ್ಕೆ ಕಾರಣವಿದೆ. ಇಲ್ಲಿನವರಂತೆ ಒಳಗೆ ನಿಂತು ಮೊಟ್ಟೆ ಬೇಯಿಸಿಕೊಳ್ಳುವುದು ಒಂದು. ಇಂಗು ಸಾಸಿವೆ ಒಣಮೆಣಸಿನಕಾಯಿಯ ಒಗ್ಗರಣೆಯನ್ನು 6 ಅಡಿ ಅಗಲದ ಪೆಟ್ಟಿಗೆಯೊಳಗೆ ಚಟಪಟಿಸುವುದು ಇನ್ನೊಂದು. ಆ ಘಾಟು ರಗ್ಗಿಗೂ ದಿಂಬಿಗೂ ಹತ್ತಿದರೆ ಮನೆಗೆ ಮರಳಿದ ಮೇಲೂ ಬಿಡುವುದಿಲ್ಲ. ಕದ ತೆರೆದು, ನೆಲದ ಮೇಲೆ ನಿಂತು, ಹೊರಮುಖವಾಗಿ ಅಡುಗೆ ಮಾಡಬೇಕು.

ವಿದ್ಯುತ್ತಿನ ಲೆಕ್ಕವೂ ನಮ್ಮ ಅಡುಗೆಯಿಂದಲೇ ಶುರುವಾಗಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12.8 ವೋಲ್ಟ್, 100 ಆಂಪಿಯರ್-ಅವರ್‌ನದಾದರೆ ಅದರಲ್ಲಿರುವುದು 1.28 ಯೂನಿಟ್. ದೀಪ, ಫ್ಯಾನು, ಫೋನುಗಳಿಗೆ ಅದು ಧಾರಾಳ. ಆದರೆ ಚಟ್ನಿಗೆಂದು 750 ವಾಟಿನ ಮಿಕ್ಸಿಯನ್ನು ಇನ್ವರ್ಟರಿಗೆ ಸಿಕ್ಕಿಸಿದರೆ ಬ್ಯಾಟರಿಯಿಂದ 60 ಆಂಪಿಯರಿಗೂ ಹೆಚ್ಚು ಕರೆಂಟ್ ಹರಿಯುತ್ತದೆ. ಮನೆಯ ವೈರಿಂಗಿಗೆ ಬಳಸುವ ಸಣ್ಣ ತಂತಿಯನ್ನೇ ಅಲ್ಲಿ ಎಳೆದಿದ್ದರೆ ತಂತಿ ಕಾದು ಹೊಗೆಯಾಡೀತು. ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್, ಅಲ್ಲಿಂದ ಇನ್ವರ್ಟರಿಗೆ ದಪ್ಪ ತಂತಿ, ಆ ತಂತಿ ಆದಷ್ಟು ಗಿಡ್ಡ, ಇಷ್ಟನ್ನು ಬಿಟ್ಟುಕೊಡುವಂತಿಲ್ಲ. ಚಟ್ನಿಪುಡಿ ಒಯ್ದರೆ ಈ ಪ್ರಶ್ನೆಯೇ ಏಳುವುದಿಲ್ಲವೆಂದು ನನ್ನ ಹೆಂಡತಿಯ ವಾದ. ಅದಕ್ಕೆ ಎದುರುತ್ತರ ನನ್ನಲ್ಲಿಲ್ಲ.

ಅಮೆರಿಕನ್ನರಿಂದ ಕಲಿಯಬೇಕಾದದ್ದು ತೂಕದ ಶಿಸ್ತು. ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಕಾರಿಗೆ ಸೇರಿಸುವ ಕೊಂಡಿಯ ಮೇಲೆ ಕೂರಬೇಕು. ನೀರಿನ ಟ್ಯಾಂಕು, ಬ್ಯಾಟರಿಗಳು ಹಿಂಬದಿಗೆ ಹೋಗಿ ಹಿಂದೆ ಭಾರವಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡತೊಡಗಿ, ಎಳೆಯುವ ಕಾರನ್ನೂ ರಸ್ತೆಯಿಂದಾಚೆಗೆ ಎಳೆದೊಯ್ಯಬಲ್ಲದು. ಆದ್ದರಿಂದ ಎಚ್ಚರವುಳ್ಳವರು ಹೆದ್ದಾರಿಯ ಟ್ರಕ್ ತಂಗುದಾಣದಲ್ಲಿ ತೂಗಿಸಿ, ಚೀಟಿ ಪಡೆದು ಮುಂದೆ ಹೋಗುತ್ತಾರೆ. ಮಂಡ್ಯದ ರೈತನಿಗೆ ವೇಬ್ರಿಡ್ಜ್ ಅಂಗೈಯಷ್ಟು ಪರಿಚಿತ. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದಂದಿನಿಂದ ಅಲ್ಲಿನ ಮೂರ್ನಾಲ್ಕು ತಲೆಮಾರುಗಳು ಕಬ್ಬನ್ನು ತೂಗಿಸುತ್ತ ಬಂದಿವೆ. ಆದರೆ ಅಲ್ಲಿ ತೂಕ ಹೆಚ್ಚಿದಷ್ಟೂ ದುಡ್ಡು. ಹೆಚ್ಚಿದರೆ ಅಪಾಯವೆಂಬ ದೃಷ್ಟಿಯಿಂದ ಅದೇ ಯಂತ್ರದ ಮೇಲೆ ಗಾಡಿ ಹತ್ತಿಸುವುದು ಭಾವಮೈದುನನಿಗೆ ವಿಚಿತ್ರವೆನಿಸಿತು.

ಇನ್ನೊಂದು ಶಿಸ್ತು ಬಾಗಿಲಿನದು. ಸರಕಿನ ಗಾಡಿಯ ಹಿಂದಿನ ಕದಕ್ಕೆ ಚಿಲಕ ಹೊರಗಿರುತ್ತದೆ, ಒಳಗಿನಿಂದ ತೆರೆಯುವ ಏರ್ಪಾಡಿರುವುದಿಲ್ಲ. ಮನುಷ್ಯ ಒಳಗೆ ಮಲಗುವುದಾದರೆ ಹಿಂದಿನ ಕದ ತೆರೆದೇ ಇರಬೇಕು, ಅದಕ್ಕೆ ಸೊಳ್ಳೆ ಪರದೆ ಕಟ್ಟಬೇಕು. ಇಲ್ಲವೇ ಒಳಗಿನಿಂದ ತೆಗೆಯಬಹುದಾದ ಬದಿಯ ಬಾಗಿಲಿರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ, ಅದರ ಅಲಾರಂ ನೆಲದ ಮಟ್ಟದಲ್ಲೇ ಇರಬೇಕು. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡಿಗೆ ಬೇರೆಯೇ ಅಲಾರಂ, ಅದು ತಲೆದೆಸೆಗೆ ಹತ್ತಿರ. ಗೂಡ್ಸ್ ಗಾಡಿಯ ಹಿಂದೆ ಜನ ಕೂರಿಸಿಕೊಂಡು ಧರ್ಮಸ್ಥಳಕ್ಕೋ ಮಾದಪ್ಪನ ಬೆಟ್ಟಕ್ಕೋ ಹೊರಡುವ ನಮ್ಮ ಅಭ್ಯಾಸವನ್ನಂತೂ ಇದಕ್ಕೆ ತಳುಕು ಹಾಕಲೇಬಾರದು. ಅಮೆರಿಕದ ಹಲವು ರಾಜ್ಯಗಳಲ್ಲೂ ಓಡುವ ಟ್ರೇಲರಿನೊಳಗೆ ಮನುಷ್ಯರು ಇರುವಂತಿಲ್ಲ. ಮುಂದಿನ ಸೀಟಿನಲ್ಲಿ ಎಷ್ಟು ಜನರಿಗೆ ಸ್ಥಳವಿದೆಯೋ ಅಷ್ಟೇ ಜನರ ಪ್ರವಾಸ ಇದು.

ತಂಗುವ ಜಾಗದ ವಿಷಯದಲ್ಲಿ ಎರಡು ದೇಶಗಳಿಗೂ ಹೋಲಿಕೆಯೇ ಸಲ್ಲದು. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಕೇಂದ್ರ ಸರ್ಕಾರದ ಭೂ ಇಲಾಖೆಯ ಬಯಲುಗಳ ಬಹುಭಾಗದಲ್ಲಿ 28 ದಿನಗಳ ಅವಧಿಯಲ್ಲಿ 14 ದಿನ ಪುಕ್ಕಟೆಯಾಗಿ ಬೀಡುಬಿಡಬಹುದು. ಕೊಳಕು ನೀರು ಸುರಿಯಲು ಅಲ್ಲಲ್ಲಿ ಗೊತ್ತಾದ ತಾಣಗಳಿವೆ. ನಮ್ಮಲ್ಲಿ ಕಾಡಿನಲ್ಲಿ ಗಾಡಿ ನಿಲ್ಲಿಸುವ ಮಾತೇ ಇಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವನ್ನೇ ನಿರ್ಬಂಧಿಸಿರುವುದು 2009ರಿಂದ, ಆನೆ ಹುಲಿಗಳ ದೃಷ್ಟಿಯಿಂದ ಅದು ಸರಿಯೂ ಹೌದು. ಹಾಗಾಗಿ ನಮ್ಮ ಗಾಡಿ ತನ್ನೊಳಗೇ ಪಾಯಿಖಾನೆ, ಸ್ನಾನದ ಮನೆ, ಮೂರು ದಿನದ ನೀರು ಎಲ್ಲವನ್ನೂ ಹೊತ್ತು ತಿರುಗುವ ಅಗತ್ಯವಿಲ್ಲ. ಅದು ಹೋಗಿ ನಿಲ್ಲಬೇಕಾದದ್ದು ಯಾರದೋ ತೋಟದಲ್ಲಿ. ಪಾಂಡವಪುರದಿಂದ ಮೇಲುಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ತೆಂಗಿನ ತೋಟಗಳಿಗೆ ಬರವಿಲ್ಲ, ಪಂಪ್‌ಸೆಟ್ಟಿನ ನೀರಿಗೂ ಸಾಮಾನ್ಯವಾಗಿ ಬರವಿಲ್ಲ. ಭಾವಮೈದುನನಿಗೆ ನಾನು ಹೇಳಿರುವುದು ಇಷ್ಟು: ಗಾಡಿಗೆ ಹಾಕಬೇಕೆಂದಿರುವ ಹಣದಲ್ಲಿ ಅರ್ಧವನ್ನು ತನ್ನ ತೋಟದಲ್ಲೇ ಒಂದು ಪಾಯಿಖಾನೆ ಕಟ್ಟಿಸಲು, 15 ಆಂಪಿಯರಿನ ಪ್ಲಗ್ಗೊಂದನ್ನು ಮಳೆ ಬೀಳದ ಕಡೆ ಕೂಡಿಸಲು, ಗೇಟನ್ನು ಗಾಡಿ ತಿರುಗುವಷ್ಟು ಅಗಲ ಮಾಡಿಸಲು ಖರ್ಚು ಮಾಡಲಿ. ಹೊರಗಿನಿಂದ ಬರುವವರು ರಾತ್ರಿಗಿಷ್ಟೆಂದು ಕೊಟ್ಟು ಅಲ್ಲಿ ತಂಗಬಹುದು. ಅವನು ಗೇಟಿನ ಅಳತೆ ತೆಗೆದಿದ್ದಾನೆ. ಪಾಯಿಖಾನೆಯನ್ನು ಎಲ್ಲಿ ಕಟ್ಟಿಸಬೇಕೆಂಬುದರ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತ ಮೂಡಿಲ್ಲ.